ಪಹಣಿಯಲ್ಲಿ ಇಲ್ಲದವರು

ನಾಯಕತ್ವದ ಬಗ್ಗೆ ಭಾಷಣ ಮಾಡುವವರಿಗೆ ಪಾವಗಡದ ಸೋಲಾರ್ ಪಾರ್ಕ್ ಈಗ ಸಿದ್ಧ ಉದಾಹರಣೆ. ಅಧಿಕಾರಿಗಳು ಊರೂರಿಗೆ ಹೋಗಿ ಮಾತಾಡಿದರು, ರೈತರು ಒಪ್ಪಿದರು, ಭೂಸ್ವಾಧೀನದ ರಗಳೆಯಿಲ್ಲದೆ 13,000 ಎಕರೆ ಸಿಕ್ಕಿತು ಎಂಬ ಕಥೆ. ಕೊನೆಗೆ ವ್ಯಕ್ತಿತ್ವ, ನೈತಿಕತೆ ಎಂದು ಚಪ್ಪಾಳೆ. ಈ ಹೊಗಳಿಕೆಯಲ್ಲಿ ನನಗೆ ಒಪ್ಪಿಗೆಯಾಗುವುದು ಒಂದೇ ಅಂಶ.

2015ರಲ್ಲಿ ಹುಟ್ಟಿದ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಪಹಣಿ ರೈತನ ಹೆಸರಲ್ಲೇ ಉಳಿಯಿತು. ಒಳ್ಳೆಯ ನಿರ್ಧಾರ, ಅನುಮಾನವಿಲ್ಲ. ಆದರೆ ಒಪ್ಪಿಗೆ ತಂದದ್ದು ಯಾರ ಮಾತಿನ ಮೋಡಿಯೂ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆಯಿಂದ ಪಾವಗಡದವರೆಗೆ ಮಳೆ ನೆಚ್ಚಿ ಕಡಲೆಕಾಯಿ ಬಿತ್ತಿದವರನ್ನು ಕೇಳಿ ನೋಡಿ. ಬೋರ್‌ವೆಲ್ ಬತ್ತಿದ ಹೊಲಕ್ಕೆ ವರ್ಷಾ ವರ್ಷ ದುಡ್ಡು ಕೊಡುತ್ತೇವೆಂದರೆ ಬೇಡ ಎನ್ನುವವರು ಯಾರು?

ಕರಾರಿನ ಒಂದು ಕಲಮನ್ನು ಮಾತ್ರ ಈ ಭಾಷಣಕಾರರು ಓದಿದಂತಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಅವಧಿ 28 ವರ್ಷ. ಕೇಳಲು ಇಂಪು. ಕೂತು ಲೆಕ್ಕ ಹಾಕಿದರೆ ಮೊದಲ ಏರಿಕೆಯಲ್ಲಿ ಸಿಗುವುದು 1,050 ರೂಪಾಯಿ. ಹದಿಮೂರು ಸಲ ಏರಿ ಕಡೆಯ ವರ್ಷ ಬಾಡಿಗೆ 39,600ರ ಹತ್ತಿರ ನಿಲ್ಲುತ್ತದೆ. ಅಂದರೆ ವರ್ಷಕ್ಕೆ ಶೇ 2.5 ಕೂಡ ಇಲ್ಲ. ರಿಸರ್ವ್ ಬ್ಯಾಂಕ್ ಗುರಿಯಿಟ್ಟುಕೊಂಡಿರುವ ಬೆಲೆಯೇರಿಕೆಯೇ ಶೇ 4. ಆ ಗುರಿ ಸರಿಯಾಗಿ ಈಡೇರಿದರೂ ಕಡೆಯ ವರ್ಷದ 39,600ಕ್ಕೆ ಮೊದಲ ವರ್ಷದ 14,000ದಷ್ಟೂ ಬೆಲೆಯಿರದು. ಬಾಡಿಗೆ ಏರುತ್ತಲೇ ಇಳಿಯುತ್ತದೆ. ಒಪ್ಪಿಸಿದ ಅಧಿಕಾರಿ ಎಷ್ಟೇ ಸಜ್ಜನನಿರಲಿ, ಅಷ್ಟರಲ್ಲಿ ವರ್ಗವಾಗಿ, ನಿವೃತ್ತನೂ ಆಗಿರುತ್ತಾನೆ. ರೈತನ ಕೈಯಲ್ಲಿ ಉಳಿಯುವುದು ಆ ಕಲಂ ಮಾತ್ರ.

ಇನ್ನು ಬೆಂಗಳೂರಿನಲ್ಲಿ ಕೂತು ಇದನ್ನು ಭೂಕಬಳಿಕೆ ಎನ್ನುವವರ ಜತೆ ನನ್ನ ಜಗಳವೇ ಬೇರೆ. ಕಬಳಿಸಿದ್ದರೆ ಪಹಣಿ ಬದಲಾಗಬೇಕಿತ್ತು. ಸಹಿ ಹಾಕಿದ ರೈತ ಪೆದ್ದನಲ್ಲ, ಕಡಲೆಕಾಯಿಯ ಲೆಕ್ಕವನ್ನೂ ಗುತ್ತಿಗೆಯ ಲೆಕ್ಕವನ್ನೂ ತೂಗಿಯೇ ಹಾಕಿದ. ಅವನ ವಿವೇಕವನ್ನು ನುಂಗಿಹಾಕುವ ಈ ಕನಿಕರ ನನಗೆ ಭಾಷಣಕಾರರ ಚಪ್ಪಾಳೆಗಿಂತ ಹೆಚ್ಚು ಸಿಟ್ಟು ತರಿಸುತ್ತದೆ. ತಮಾಷೆಯೆಂದರೆ, ಎರಡೂ ಬಣದವರಿಗೆ ಕಾಣುವುದು ಪಹಣಿಯಲ್ಲಿ ಹೆಸರಿದ್ದವನೊಬ್ಬನೇ.

ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರ ಹೆಸರು ಯಾವ ಪಹಣಿಯಲ್ಲಿತ್ತು? ಕುಯಿಲಾದ ಮೇಲೆ ಕುರಿ ಬಿಡುತ್ತಿದ್ದವರದ್ದು? ತಂತಿಬೇಲಿ ಬಂದ ಮೇಲೆ ಉಳಿದದ್ದು ಪ್ಯಾನೆಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು. ಅದೂ ಕಂಟ್ರಾಕ್ಟರ್ ಕರೆದರೆ. ಸ್ಥಳೀಯ ಅಭಿವೃದ್ಧಿಯ ಹಣದಲ್ಲಿ ರಸ್ತೆ, ಶಾಲೆ ಆದೀತು, ಕೂಲಿ ಹುಟ್ಟದು. ಗುತ್ತಿಗೆ ಹಣದ ಜತೆಗೆ ಎಕರೆಗೆ ಇಷ್ಟೆಂದು ಕೂಲಿಯವರ ಹೆಸರಿಗೂ ಕಟ್ಟಿಸಬಹುದಿತ್ತು. 2,050 ಮೆಗಾವಾಟ್ ಮಾರುವ ಯೋಜನೆಗೆ ಅದೇನೂ ಹೊರೆಯಾಗುತ್ತಿರಲಿಲ್ಲ, ಕರಡು ಬರೆಯುವಾಗ ಯಾರಾದರೂ ಕೇಳಬೇಕಿತ್ತು ಅಷ್ಟೆ.