ದಿದಾಖೆ: ಆದಿ ಧರ್ಮಸಭೆಯ ಪುಟ್ಟ ಕೈಪಿಡಿ

ಆದಿ ಕ್ರೈಸ್ತರ ಕಾಲದ ಪ್ರೀತಿ, ಒಗ್ಗಟ್ಟು ಇಂದು ನಮ್ಮಲ್ಲಿ ಉಳಿದಿಲ್ಲವೆಂಬ ಮಾತನ್ನು ನೀವು ಹಲವು ಪ್ರಬೋಧನೆಗಳಲ್ಲಿ ಕೇಳಿರುತ್ತೀರಿ; ನಿಟ್ಟುಸಿರಿನೊಂದಿಗೆ ನೀವೇ ಆಡಿಯೂ ಇರಬಹುದು. ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ಓದಿದವರಿಗೆ ಹಾಗೆ ಅನಿಸುವುದು ಸಹಜ. ಆದರೆ ಅದೇ ಗ್ರಂಥದ ಐದನೆಯ ಅಧ್ಯಾಯದಲ್ಲಿ ಹೊಲ ಮಾರಿದ ಹಣವನ್ನು ಮುಚ್ಚಿಟ್ಟ ಅನನೀಯನಿದ್ದಾನೆ. ಆರನೆಯ ಅಧ್ಯಾಯದಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರಿಗೆ ಅನ್ಯಾಯವಾಯಿತೆಂದು ಗೊಣಗಿದವರಿದ್ದಾರೆ. ಹಾಗಾದರೆ ಆದಿ ಧರ್ಮಸಭೆಯಿಂದ ನಾವು ಕಲಿಯಬೇಕಾದದ್ದೇನು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ‘ದಿದಾಖೆ’ ಎಂಬ ಕಿರುಗ್ರಂಥವನ್ನು ಓದಿನೋಡೋಣ.

ದಿದಾಖೆ ಎಂದರೆ ಗ್ರೀಕ್ ಭಾಷೆಯಲ್ಲಿ ಬೋಧನೆ. ಹನ್ನೆರಡು ಪ್ರೇಷಿತರ ಹೆಸರನ್ನು ಹೊತ್ತಿದ್ದರೂ ಇದನ್ನು ಬರೆದವರು ಅವರಲ್ಲ. ಮೊದಲ ಶತಮಾನದ ಕೊನೆಯಲ್ಲಿ ಅಥವಾ ಎರಡನೆಯ ಶತಮಾನದ ಆರಂಭದಲ್ಲಿ ಇದು ಈ ರೂಪಕ್ಕೆ ಬಂದಿರಬೇಕೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕ್ರಿ.ಶ. 367ರಲ್ಲಿ ಸಂತ ಅಥನಾಸಿಯುಸರು ಪವಿತ್ರ ಗ್ರಂಥಗಳ ಪಟ್ಟಿ ಮಾಡಿದಾಗ ಪ್ರೇಷಿತರ ಬೋಧನೆಯೆಂಬ ಗ್ರಂಥವನ್ನು ಅದರೊಳಗೆ ಸೇರಿಸಲಿಲ್ಲ. ಆದರೆ ವಿಶ್ವಾಸಕ್ಕೆ ಹೊಸದಾಗಿ ಬರುವವರು ಓದಲು ತಕ್ಕದ್ದೆಂದು ಸೂಚಿಸಿದರು. ಆ ಬಳಿಕ ಇದು ಮರೆವಿಗೆ ಸಂದಿತು. 1056ರಲ್ಲಿ ನಕಲು ಮಾಡಿದ ಒಂದು ಹಸ್ತಪ್ರತಿಯಲ್ಲಿ, 1873ರಲ್ಲಿ, ಕಾನ್‌ಸ್ಟಾಂಟಿನೋಪಲಿನ ಗ್ರಂಥಾಲಯವೊಂದರಲ್ಲಿ ಫಿಲೊಥೆಯೊಸ್ ಬ್ರಿಯೆನ್ನಿಯೊಸ್ ಎಂಬ ಆರ್ಥೊಡಾಕ್ಸ್ ವಿದ್ವಾಂಸರ ಕಣ್ಣಿಗೆ ಬಿದ್ದು, 1883ರಲ್ಲಿ ಅಚ್ಚಾಯಿತು. ಹದಿನಾರು ಚಿಕ್ಕ ಅಧ್ಯಾಯಗಳ ಈ ಗ್ರಂಥವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ಇದರ ಮೊದಲ ಗುಣ ಕಠಿಣತೆ ಮತ್ತು ಕನಿಕರಗಳ ಸಮತೂಕ. ಜೀವದ ಮಾರ್ಗ, ಮರಣದ ಮಾರ್ಗಗಳೆಂಬ ಎರಡೇ ದಾರಿಗಳನ್ನು ಅದು ಮುಂದಿಡುತ್ತದೆ. ಆದರೂ ಪ್ರಭುವಿನ ನೊಗವನ್ನು ಪೂರ್ತಿ ಹೊರಲಾರದವನು ಕೈಲಾದಷ್ಟನ್ನು ಮಾಡಲಿ ಎನ್ನುತ್ತದೆ. ಸ್ನಾನದೀಕ್ಷೆ ಹರಿಯುವ ನೀರಿನಲ್ಲಾಗಬೇಕು; ಇಲ್ಲದಿದ್ದರೆ ಬೇರೆ ನೀರಾಗಬಹುದು; ತಣ್ಣೀರು ಆಗದಿದ್ದರೆ ಬೆಚ್ಚಗಿನದು; ಅದೂ ಸಾಲದಿದ್ದರೆ ತಲೆಯ ಮೇಲೆ ಮೂರು ಬಾರಿ ಸುರಿದರೆ ಸಾಕು. ಸಂಸ್ಕಾರವನ್ನು ಹಗುರ ಮಾಡದೆ, ಮನುಷ್ಯನ ಇಕ್ಕಟ್ಟನ್ನೂ ಮರೆಯದೆ ಬರೆದ ಮಾತುಗಳಿವು. ಮಕ್ಕಳ ಪ್ರಾರ್ಥನೆಯ ವಿಷಯದಲ್ಲಿ ಅತಿಯಾದ ಬಿಗಿಯನ್ನೋ ಅತಿಯಾದ ಸಡಿಲವನ್ನೋ ತೋರುವ ನಮ್ಮ ಮನೆಗಳು ಇದನ್ನು ಗಮನಿಸಬೇಕು.

ಎರಡನೆಯದು, ಅದರ ಎಚ್ಚರ. ಪ್ರಭುವಿನ ಹೆಸರಿನಲ್ಲಿ ಬಂದವರೆಲ್ಲರನ್ನೂ ಬರಮಾಡಿಕೊಳ್ಳಬೇಕು. ಆದರೆ ಊರೂರು ತಿರುಗುವ ಪ್ರೇಷಿತನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ತಂಗಬಹುದು. ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಹಣ ಕೇಳಿದರೂ ಅಷ್ಟೇ. ನೆಲೆಸಲು ಬಯಸುವ ಸಾಮಾನ್ಯ ವಿಶ್ವಾಸಿಗೆ ಕಸುಬು ಗೊತ್ತಿದ್ದರೆ ದುಡಿದು ಉಣ್ಣಲಿ. ಗೊತ್ತಿಲ್ಲದಿದ್ದರೆ ಅವನು ಸೋಮಾರಿಯಾಗಿ ಉಳಿಯದಂತೆ ಸಭೆಯೇ ದಾರಿ ಹುಡುಕಬೇಕು. ಇದಕ್ಕೂ ಒಪ್ಪದವನಿಗೆ ದಿದಾಖೆ ಕೊಡುವ ಹೆಸರು ಕ್ರಿಸ್ತನ ಹೆಸರಿನ ವ್ಯಾಪಾರಿ ಎಂದು. ರೋಗಶಮನದ ಭರವಸೆ ಕೊಟ್ಟು ಕಾಣಿಕೆಯ ಮೇಲೆ ಕಣ್ಣಿಡುವವರು ನಮ್ಮ ಕಾಲದ ಹೊಸ ಸಮಸ್ಯೆಯೆಂದು ಯಾರೂ ತಿಳಿಯದಿರಲಿ. ಹಾಗೆಯೇ, ಕೆಲಸ ಹುಡುಕಿ ನಮ್ಮ ಧರ್ಮಕೇಂದ್ರಕ್ಕೆ ಬರುವ ಹೊಸ ಕುಟುಂಬವನ್ನು ಭಾನುವಾರ ನೋಡಿ ನಕ್ಕು ಕಳುಹಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದೂ ತಿಳಿಯದಿರಲಿ.

ಆದರೆ ಪ್ರಾಚೀನವೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಕಣ್ಣಿಗೊತ್ತಿಕೊಳ್ಳುವುದು ವಿವೇಕವಲ್ಲ. ಈ ಗ್ರಂಥಕ್ಕೆ ಮಿತಿಗಳೂ ಇವೆ. ಗುಲಾಮರನ್ನು ಕಹಿಮನಸ್ಸಿನಿಂದ ಆಳಬೇಡಿರೆಂದು ಒಡೆಯರಿಗೆ ಹೇಳುವ ದಿದಾಖೆ, ಗುಲಾಮಗಿರಿಯೇ ತಪ್ಪೆಂದು ಹೇಳುವುದಿಲ್ಲ. ಕಪಟಿಗಳು ಸೋಮವಾರ, ಗುರುವಾರ ಉಪವಾಸ ಮಾಡುತ್ತಾರಾದ್ದರಿಂದ ನೀವು ಬುಧವಾರ, ಶುಕ್ರವಾರ ಮಾಡಿರಿ ಎನ್ನುವಾಗ, ಉಪವಾಸದ ಹೃದಯಕ್ಕಿಂತ ನೆರೆಯವರಿಂದ ಬೇರೆಯಾಗಿ ಕಾಣುವ ಹಂಬಲವೇ ಮುಂದಾಗುತ್ತದೆ. ಕೇಳಿದವರೆಲ್ಲರಿಗೂ ಕೊಡು ಎಂದು ಆರಂಭಿಸಿ, ಒಡನೆಯೇ ತಕ್ಕವನು ಯಾರೆಂದು ತಿಳಿಯುವ ತನಕ ಕೈ ಬಿಗಿಹಿಡಿ ಎಂಬ ಅರ್ಥದ ಮಾತನ್ನೂ ಸೇರಿಸುತ್ತದೆ. ಅದರ ಪರಮಪ್ರಸಾದದ ಪ್ರಾರ್ಥನೆಗಳು ಸುಂದರವಾಗಿದ್ದರೂ ಕ್ರಿಸ್ತನ ಶಿಲುಬೆಯ ಮರಣವನ್ನು ಅವು ಹೆಸರಿಸುವುದಿಲ್ಲ. ಆದ್ದರಿಂದ ಇದನ್ನು ಶುಭಸಂದೇಶಗಳ ಸ್ಥಾನದಲ್ಲಿಟ್ಟು ಓದಲಾಗದು. ಅವುಗಳ ಬೆಳಕಿನಲ್ಲಿಟ್ಟು ಓದಬೇಕು. ಅಥನಾಸಿಯುಸರು ಇದಕ್ಕೆ ಕೊಟ್ಟ ಸ್ಥಾನ ಸರಿಯಾದದ್ದೇ.

ಇಷ್ಟು ಹೇಳಿದ ಮೇಲೂ, ಈ ಮಿತಿಗಳೇ ನಮಗೊಂದು ಪಾಠ. ಯಾವ ಮನೆಯಲ್ಲೂ ಕಾರಣವಿಲ್ಲದೆ ಕಟ್ಟುಪಾಡು ಹುಟ್ಟುವುದಿಲ್ಲ. ಹಣ ಕೇಳುವ ಪ್ರವಾದಿಯ ಬಗ್ಗೆ ನಿಯಮವಿದೆಯೆಂದರೆ ಅಂಥವರು ಬಂದಿದ್ದರೆಂದೇ ಅರ್ಥ. ಧರ್ಮಾಧ್ಯಕ್ಷರನ್ನೂ ಧರ್ಮಸೇವಕರನ್ನೂ ಆರಿಸುವಾಗ ಹಣದಾಸೆಯಿಲ್ಲದ, ಸಾತ್ವಿಕರಾದ, ಪರೀಕ್ಷೆಗೆ ನಿಂತವರನ್ನೇ ಆರಿಸಬೇಕೆಂದು ಹೇಳಿದೆಯೆಂದರೆ ಅಲ್ಲದವರನ್ನು ಕಂಡು ನೊಂದಿದ್ದರೆಂದೇ ತೋರುತ್ತದೆ. ಆದಿ ಧರ್ಮಸಭೆ ದೋಷವಿಲ್ಲದ ಸಭೆಯಾಗಿರಲಿಲ್ಲ. ತನ್ನ ದೋಷಗಳನ್ನು ಒಪ್ಪಿಕೊಂಡು, ಪ್ರೀತಿಯನ್ನು ಬಿಡದೆ ತಿದ್ದಿಕೊಳ್ಳಲು ಕುಳಿತ ಸಭೆಯಾಗಿತ್ತು. ಹಳೆಯ ಕಾಲವನ್ನು ಹೊಗಳಿ ಸುಮ್ಮನಾಗುವುದಕ್ಕಿಂತ ಈ ಅರಿವು ಹೆಚ್ಚು ಕಷ್ಟದ್ದು; ಏಕೆಂದರೆ ಇದು ನಮಗೆ ನೆಪ ಉಳಿಸುವುದಿಲ್ಲ.

ಹದಿನಾಲ್ಕನೆಯ ಅಧ್ಯಾಯದ ನಿಯಮವೊಂದನ್ನು ನಿಮ್ಮ ಮುಂದಿಟ್ಟು ಮುಗಿಸುತ್ತೇನೆ. ಪ್ರಭುವಿನ ದಿನದಂದು ರೊಟ್ಟಿ ಮುರಿಯಲು ಸೇರುವವರು ಮೊದಲು ಪಾಪಗಳನ್ನು ನಿವೇದಿಸಿಕೊಳ್ಳಬೇಕು. ಜೊತೆಯವನೊಂದಿಗೆ ಜಗಳವಿರುವವನು ರಾಜಿಯಾಗುವ ತನಕ ಅವರೊಡನೆ ಕೂಡಬಾರದು. ಬಲಿಯು ಕಳಂಕಗೊಳ್ಳಬಾರದೆಂಬುದೇ ಇದರ ಕಾರಣ. ಈಗ ನಮ್ಮ ಭಾನುವಾರವನ್ನು ನೆನೆಯಿರಿ. ಆಸ್ತಿಯ ಪಾಲಿನ ವಿಷಯದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ದೇವಾಲಯದ ಆ ಬದಿಗೊಬ್ಬರು, ಈ ಬದಿಗೊಬ್ಬರು ಕುಳಿತಿರುತ್ತಾರೆ. ಒಂದೇ ಪೀಠದಿಂದ ಒಂದೇ ಪ್ರಸಾದವನ್ನು ಸ್ವೀಕರಿಸಿ ಬೇರೆ ಬೇರೆ ಬಾಗಿಲಿನಿಂದ ಮನೆಗೆ ನಡೆಯುತ್ತಾರೆ. ಗುರುಗಳಿಗೂ ಗೊತ್ತು, ನೆರೆಯವರಿಗೂ ಗೊತ್ತು. ಯಾರೂ ಏನೂ ಹೇಳುವುದಿಲ್ಲ. ಹೇಳದವರಲ್ಲಿ ನಾನೂ ಒಬ್ಬ.

ಚದುರಿದ್ದ ಕಾಳುಗಳು ಕೂಡಿ ಒಂದು ರೊಟ್ಟಿಯಾಗುವಂತೆ ಧರ್ಮಸಭೆಯೂ ಒಂದಾಗಲೆಂಬುದು ಆ ಹಳೆಯ ಜನರ ಬೇಡಿಕೆಯಾಗಿತ್ತು. ಓದುಗರೇ, ಮುಂದಿನ ಭಾನುವಾರ ಬಲಿಪೂಜೆಗೆ ಹೊರಡುವ ಮೊದಲು, ನೀವು ಮಾತು ಬಿಟ್ಟಿರುವ ಒಬ್ಬರ ಮನೆಯ ಬಾಗಿಲು ತಟ್ಟಲು ಸಾಧ್ಯವೇ? ಪೂರ್ತಿ ರಾಜಿಯಾಗದಿದ್ದರೆ, ದಿದಾಖೆಯೇ ಹೇಳುವಂತೆ, ಕೈಲಾದಷ್ಟು ಮಾಡೋಣ. ಆದರೆ ಅಷ್ಟನ್ನಾದರೂ ಮಾಡೋಣ.