ಹಾಕಿತೋ, ಹಾಕಿದರೋ?

ಮ್ಯೂಸಿಯಂನಲ್ಲಿ ವಸ್ತುವಿನ ಪಕ್ಕ ಇಟ್ಟಿರುವ ಫಲಕವನ್ನು ನಾವು ಗದ್ಯವೆಂದು ಓದುವುದೇ ಇಲ್ಲ. ಬರೆದವರ ಹೆಸರು ಅಲ್ಲಿರುವುದಿಲ್ಲ; ಆದ್ದರಿಂದ ಅಭಿಪ್ರಾಯವೂ ಇಲ್ಲವೆಂದುಕೊಳ್ಳುತ್ತೇವೆ. ಆದರೆ ಅಷ್ಟು ಕಡಿಮೆ ಜಾಗದಲ್ಲಿ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಯಾರೋ ತೀರ್ಮಾನಿಸಿರುತ್ತಾರೆ. ಆ ತೀರ್ಮಾನವನ್ನು ವಿಮರ್ಶೆ ಓದಬಲ್ಲದು. ನಾನಿಲ್ಲಿ ಓದಲು ತೆಗೆದುಕೊಂಡಿರುವುದು ಅಮೆರಿಕದ ‘ಎನೋಲಾ ಗೇ’ ವಿಮಾನದ ಫಲಕವನ್ನು.

1945ರ ಆಗಸ್ಟ್ 6ರ ಬೆಳಿಗ್ಗೆ 8:15ಕ್ಕೆ ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದದ್ದು ಈ ಬಿ-29 ವಿಮಾನದಿಂದ. ಪೈಲಟ್ ಪಾಲ್ ಟಿಬೆಟ್ಸ್ ಅದಕ್ಕೆ ಇಟ್ಟದ್ದು ತನ್ನ ತಾಯಿಯ ಹೆಸರನ್ನು. 2003ರ ಡಿಸೆಂಬರ್‌ನಿಂದ ಅದು ವರ್ಜೀನಿಯಾದಲ್ಲಿ, ಸ್ಮಿತ್‌ಸೋನಿಯನ್ ಸಂಸ್ಥೆಯ ಉದ್ವಾರ್-ಹೇಜಿ ಕೇಂದ್ರದಲ್ಲಿದೆ. ದುರಸ್ತಿಗೆ ಸುಮಾರು ಮೂರು ಲಕ್ಷ ಗಂಟೆಗಳ ದುಡಿಮೆ ಹಿಡಿದಿದೆ. ಅಲ್ಯೂಮಿನಿಯಂ ಮೈ ಹೊಸದರಂತೆ ಹೊಳೆಯುತ್ತದೆ.

ಕೇಂದ್ರ ತೆರೆದಾಗ ಇಟ್ಟ ಫಲಕ ಮೊದಲು ವಿಮಾನದ ತಾಂತ್ರಿಕ ಹಿರಿಮೆಯನ್ನು ಹೇಳಿತು. ಬಳಿಕ, ಈ ವಿಮಾನವು ಹಿರೋಷಿಮಾದ ಮೇಲೆ ಮೊದಲ ಅಣ್ವಸ್ತ್ರವನ್ನು ಹಾಕಿತು ಎಂಬರ್ಥದ ಒಂದು ವಾಕ್ಯ. ಜೊತೆಗೆ ರೆಕ್ಕೆಯ ಹರವು, ಉದ್ದ, ತೂಕ. ಸತ್ತವರ ಸಂಖ್ಯೆ ಇರಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000 ಎಂಬುದು ಹಿರೋಷಿಮಾ ನಗರದ ಅಂದಾಜು. ಇದನ್ನೂ ಸೇರಿಸಿ ಎಂದು ಇತಿಹಾಸಕಾರರು, ಲೇಖಕರು ಮನವಿ ಮಾಡಿದರು. ನಮ್ಮಲ್ಲಿರುವ ಎಲ್ಲ ವಿಮಾನಗಳಿಗೂ ಒಂದೇ ಬಗೆಯ ಫಲಕ ಎಂಬುದು ಮ್ಯೂಸಿಯಂನ ನಿಲುವಾಗಿತ್ತು.

ಆ ಒಂದು ವಾಕ್ಯವನ್ನು ಕನ್ನಡಕ್ಕೆ ತರುವಾಗ ನನಗೆ ಎದುರಾದದ್ದು ವ್ಯಾಕರಣದ ಪ್ರಶ್ನೆ. ಇಂಗ್ಲಿಷಿನ ಕ್ರಿಯಾಪದ, ಹಾಕಿದ್ದು ಯಂತ್ರವೋ ಮನುಷ್ಯರೋ ಎಂದು ತನ್ನ ರೂಪದಲ್ಲಿ ತೋರಿಸುವುದಿಲ್ಲ. ಕನ್ನಡದಲ್ಲಿ ಅದು ಸಾಧ್ಯವಿಲ್ಲ. ‘ಹಾಕಿತು’ ಎಂದರೆ ನಪುಂಸಕಲಿಂಗ, ‘ಹಾಕಿದರು’ ಎಂದರೆ ಮನುಷ್ಯರು. ಅಂದು ಆ ವಿಮಾನದಲ್ಲಿ ಹನ್ನೆರಡು ಜನರಿದ್ದರು; ಅವರಿಗೆ ಆಜ್ಞೆ ಕೊಟ್ಟ ಸರ್ಕಾರವಿತ್ತು. ‘ಹಾಕಿತು’ ಎಂದು ಬರೆದ ಕೂಡಲೇ ಅವರೆಲ್ಲ ವಾಕ್ಯದಿಂದ ಇಳಿದುಹೋಗುತ್ತಾರೆ. ಕೆಳಗೆ ಇದ್ದವರಂತೂ ಹತ್ತಿರುವುದೇ ಇಲ್ಲ. ಅವರ ಜಾಗದಲ್ಲಿ ಒಂದು ಊರಿನ ಹೆಸರಿದೆ. ಕರ್ತೃವೂ ಯಂತ್ರ, ಗುರಿಯೂ ಬರೀ ಭೂಪಟದ ಚುಕ್ಕೆ.

ಇದೇ ಸಂಸ್ಥೆ ಯುದ್ಧ ಮುಗಿದ ಐವತ್ತನೇ ವರ್ಷಕ್ಕೆ, 1995ಕ್ಕೆಂದು, ಬೇರೆಯದೇ ಪಠ್ಯವನ್ನು ಸಿದ್ಧಪಡಿಸಿತ್ತು. ವಿಮಾನದ ಜೊತೆಗೆ ಹಿರೋಷಿಮಾದಿಂದ ತಂದ ವಸ್ತುಗಳನ್ನೂ ಇಡುವ ಯೋಜನೆ ಅದು. ಅವುಗಳಲ್ಲಿ ಒಬ್ಬ ಶಾಲಾ ಹುಡುಗಿಯ ಊಟದ ಡಬ್ಬಿಯೂ ಇತ್ತು, ಒಳಗೆ ಕರಕಲಾದ ಅನ್ನ ಮತ್ತು ಬಟಾಣಿ. ಮಾಜಿ ಸೈನಿಕರ ಸಂಘಗಳು ಸಿಡಿದೆದ್ದವು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಜಪಾನಿನ ದಡದಲ್ಲಿ ಸಾಯಬೇಕಾಗಿದ್ದ ತಾವು ಈ ವಿಮಾನದಿಂದಾಗಿ ಮನೆಗೆ ಮರಳಿದೆವು ಎಂದು ಅವರು ನಂಬಿದ್ದರು. ಆ ಡಬ್ಬಿಯ ಎದುರು ತಮ್ಮ ಬದುಕು ಅಪರಾಧದಂತೆ ಕಂಡೀತೆಂಬ ಭಯ ಅವರದು.

ಕೊನೆಗೆ ಜಗಳ ತಾರಕಕ್ಕೇರಿದ್ದು ಒಂದು ಸಂಖ್ಯೆಯ ಮೇಲೆ. ಜಪಾನಿನ ಮೇಲೆ ದಂಡೆತ್ತಿ ಹೋಗಿದ್ದರೆ ಎಷ್ಟು ಅಮೆರಿಕನ್ ಸೈನಿಕರು ಸಾಯುತ್ತಿದ್ದರು ಅಥವಾ ಗಾಯಗೊಳ್ಳುತ್ತಿದ್ದರು? ನಿರ್ದೇಶಕ ಮಾರ್ಟಿನ್ ಹಾರ್ವಿಟ್ ಆ ಅಂದಾಜನ್ನು 63,000ಕ್ಕೆ ಇಳಿಸಲು ಒಪ್ಪಿದಾಗ ವಿರೋಧ ಮುಗಿಲು ಮುಟ್ಟಿತು. 1995ರ ಜನವರಿ 30ರಂದು ಪ್ರದರ್ಶನ ರದ್ದಾಯಿತು. ಮೇ ತಿಂಗಳಲ್ಲಿ ಹಾರ್ವಿಟ್ ರಾಜೀನಾಮೆ ಕೊಟ್ಟರು. ಆಗದೇ ಹೋದ ಸಾವುಗಳ ಲೆಕ್ಕಕ್ಕೆ ಇಷ್ಟು ಬಡಿದಾಡಿದ ಮೇಲೆ, ಆದ ಸಾವುಗಳ ಲೆಕ್ಕ 2003ರ ಫಲಕದಲ್ಲಿ ಇಲ್ಲದಿರುವುದನ್ನು ತಟಸ್ಥತೆ ಎಂದು ಕರೆಯುವುದು ಹೇಗೆ? ಅದು ಸೋತವರ ಮೌನ. ಮತ್ತೆ ಪೆಟ್ಟು ತಿನ್ನಬಾರದೆಂದು ಆಯ್ದುಕೊಂಡ ಗದ್ಯಶೈಲಿ.

ಸಂಖ್ಯೆಯೊಂದನ್ನು ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಿರೋಷಿಮಾದ ಶಾಂತಿ ಸ್ಮಾರಕ ಮ್ಯೂಸಿಯಂ ಕೂಡ ಜಪಾನ್ ನಡೆಸಿದ ಆಕ್ರಮಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲವೆಂಬ ಟೀಕೆಯನ್ನು ಎದುರಿಸಿತ್ತು. ಹಿರೋಷಿಮಾ ಸೇನೆಯ ನಗರವಾಗಿದ್ದ ಚರಿತ್ರೆಯನ್ನು ಅದು 1994ರಲ್ಲಿ ತನ್ನ ಪ್ರದರ್ಶನಕ್ಕೆ ಸೇರಿಸಿತು. ಅದರಿಂದ ಸತ್ತವರಿಗೆ ಅವಮಾನವೇನೂ ಆಗಲಿಲ್ಲ. ಪೂರ್ಣವಿರಾಮವನ್ನು ಒಂದಷ್ಟು ಮುಂದಕ್ಕೆ ಸರಿಸಬಹುದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಕವಿತೆಯ ಮೌನವನ್ನು ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ಯುದ್ಧವಿಮಾನದ ಮುಂದೆ ನಿಂತಾಗ ಮಾತ್ರ ರೆಕ್ಕೆ ನೋಡಿ, ಫೋಟೋ ತೆಗೆದು ಮುಂದೆ ಹೋಗುತ್ತೇವೆ. ಇನ್ನು ಮುಂದೆ ಅಲ್ಲಿಯ ಫಲಕವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ಅನುವಾದಿಸಿ ನೋಡಿ. ಕೊನೆಯ ಕ್ರಿಯಾಪದಕ್ಕೆ ಬಂದಾಗ ಕನ್ನಡ ನಿಮ್ಮನ್ನು ಕೇಳಿಯೇ ಕೇಳುತ್ತದೆ: ಯಾರು?