ಬೀಗದ ಕೈ ಯಾರ ಹತ್ತಿರ?

ಸ್ಟೀಫನ್ ಕಿಂಗ್‌ನ ‘ಜೆರಾಲ್ಡ್ಸ್ ಗೇಮ್’ ಕಾದಂಬರಿಯನ್ನು ನಾನು ಓದಿದ್ದು ಸಿದ್ದಾಪುರದ ನಮ್ಮ ಮನೆಯ ಮೆತ್ತಿಯ ಮೇಲೆ, ಕೊನೆಕೊಯ್ಲಿನ ದಿನಗಳಲ್ಲಿ. ಓದಲು ಹೇಳಿದವನು ಯಲ್ಲಾಪುರ ಕಡೆಯ ಗೆಳೆಯ. ‘ಓದು ಮಾರಾಯಾ, ಆಮೇಲೆ ಒಂದು ವಿಷಯ ಹೇಳ್ತೇನೆ’ ಅಂದಿದ್ದ.

1992ರಲ್ಲಿ ಬಂದ ಈ ಕಾದಂಬರಿಯ ಕಥೆ ಸರಳ. ಅಕ್ಟೋಬರ್ ತಿಂಗಳು. ಪ್ರವಾಸಿಗಳೆಲ್ಲ ಹೋಗಿ ಖಾಲಿಯಾದ ಸರೋವರದ ದಂಡೆಯ ಮನೆಗೆ ವಕೀಲ ಜೆರಾಲ್ಡ್ ಮತ್ತು ಅವನ ಹೆಂಡತಿ ಜೆಸ್ಸಿ ಬರುತ್ತಾರೆ. ಆಟಕ್ಕಾಗಿ ಅವಳ ಎರಡೂ ಕೈಗಳನ್ನು ಮಂಚಕ್ಕೆ ಬೇಡಿ ಹಾಕಿ ಬಂಧಿಸುತ್ತಾನೆ. ಅವಳು ಸಾಕು ಎನ್ನುತ್ತಾಳೆ. ಅವನು ಅದನ್ನೂ ಆಟದ ಭಾಗವೆಂದು ತಿಳಿದಂತೆ ನಟಿಸುತ್ತಾನೆ. ಅವಳು ಒದೆಯುತ್ತಾಳೆ, ಅವನು ಹೃದಯಾಘಾತದಿಂದ ಸಾಯುತ್ತಾನೆ. ಬೀಗದ ಕೈ ಎದುರಿಗಿನ ಮೇಜಿನ ಮೇಲಿದೆ, ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ಇಬ್ಬರ ಆಟವಾಗಿ ಶುರುವಾದದ್ದು ಅಲ್ಲಿಂದ ಮುಂದೆ ಒಬ್ಬಳ ಬಂಧನದ ಕಥೆ. ಕಾದಂಬರಿಯ ಶಕ್ತಿ ಇರುವುದು ಇಲ್ಲಿನ ವಿವರಗಳಲ್ಲಿ. ತಲೆಯ ಮೇಲಿನ ಹಲಗೆಯಲ್ಲೊಂದು ನೀರಿನ ಲೋಟ. ಅದನ್ನು ಹೇಗೋ ಹಿಡಿದರೂ ಬಾಯಿಗೆ ತರಲಾಗುವುದಿಲ್ಲ. ಪತ್ರಿಕೆಯ ಚಂದಾ ಕಾರ್ಡನ್ನು ಸುರುಳಿ ಸುತ್ತಿ ಕೊಳವೆ ಮಾಡಿಕೊಂಡು ಹೀರುತ್ತಾಳೆ. ಕೊನೆಗೆ ಅದೇ ಲೋಟದ ಚೂರಿನಿಂದ ಮಣಿಕಟ್ಟು ಕೊಯ್ದು, ರಕ್ತದ ಜಾರಿಕೆಯಲ್ಲಿ ಕೈ ಹೊರಗೆಳೆಯುತ್ತಾಳೆ. ಬಾಯಾರಿಕೆ, ಸ್ನಾಯು ಹಿಡಿತ, ಭ್ರಮೆ ಒಂದೊಂದಾಗಿ ಬರುವಾಗ ಓದುಗನಿಗೆ ಒಂದು ಸತ್ಯ ಹೊಳೆಯುತ್ತದೆ. ತಪ್ಪಿಸಿಕೊಳ್ಳುವ ಯೋಜನೆಯನ್ನು ನಾವು ಮಾಡುವುದು ನೆಟ್ಟಗಿರುವ ಬೆರಳು ಮತ್ತು ತಣ್ಣಗಿರುವ ತಲೆಯಿಂದ. ಅದು ಬೇಕಾಗುವ ಹೊತ್ತಿಗೆ ಎರಡೂ ಇರುವುದಿಲ್ಲ.

ಆದರೆ ಕಿಂಗ್ ಬೇಡಿಯನ್ನು ಬರೇ ಬೇಡಿಯಾಗಿ ಬಿಡುವುದಿಲ್ಲ. 1963ರ ಸೂರ್ಯಗ್ರಹಣದ ದಿನ ಬಾಲಕಿ ಜೆಸ್ಸಿಯ ಮೇಲೆ ಅವಳ ತಂದೆಯೇ ದೌರ್ಜನ್ಯ ಎಸಗಿದ್ದಾನೆ, ಯಾರಿಗೂ ಹೇಳದಂತೆ ಅವಳ ಬಾಯಿ ಕಟ್ಟಿದ್ದಾನೆ. ಆ ಗುಟ್ಟೇ ಅವಳ ಮೊದಲ ಬೇಡಿ. ಕಾದಂಬರಿಯ ಕೊನೆಯ ಭಾಗ ಎಲ್ಲವನ್ನೂ ಬಿಡಿಸಿ ಹೇಳುವ ಆತುರದಲ್ಲಿ ಸಡಿಲವಾಗುತ್ತದೆ ಎಂಬುದು ನನ್ನ ತಕರಾರು. ಆದರೂ ಗುಟ್ಟು ಮತ್ತು ಬೇಡಿಯನ್ನು ಜೋಡಿಸಿದ ಬಗೆ ಮರೆಯುವಂಥದ್ದಲ್ಲ.

ಓದಿ ಮುಗಿಸಿದ ಮೇಲೆ ಗೆಳೆಯ ಸಿರಸಿಯ ಹೋಟೆಲೊಂದರಲ್ಲಿ ಸಿಕ್ಕ. ತನ್ನನ್ನು ತಾನೇ ಕಟ್ಟಿಕೊಳ್ಳುವುದು ಅವನಿಗೆ ಬಹಳ ಕಾಲದಿಂದ ಇರುವ ಬಯಕೆಯಂತೆ. ಬೇರೆ ಊರಿನ ಬಾಡಿಗೆ ಕೋಣೆಯಲ್ಲಿ ಒಮ್ಮೆ ಗಂಟು ಬಿಗಿದು, ಬೆರಳು ಮರಗಟ್ಟಿ, ಫೋನು ಕೈಗೆಟುಕದೆ ಎರಡು ತಾಸು ಒದ್ದಾಡಿದ್ದ. ‘ಕೂಗಬಹುದಿತ್ತಲ್ಲ’ ಅಂದೆ. ‘ಗೋಡೆಯಾಚೆ ಜನ ಇದ್ದರು. ಕೂಗಿದರೆ ಬಂದು ನೋಡ್ತಿದ್ದರು. ಅದಕ್ಕೇ ಕೂಗಲಿಲ್ಲ’ ಅಂದ. ಚಹಾ ಆರಿಹೋಯಿತು.

ಅಂದಿನಿಂದ ಅವನು ಕಲಿತದ್ದು ಕಡಿಮೆಯಲ್ಲ. ಕುತ್ತಿಗೆಗೆ ಎಂದೂ ಏನನ್ನೂ ಸುತ್ತಬಾರದು. ಕುಡಿದಿರಬಾರದು. ಹೊರಬರಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿ ಬೇಕು, ಎರಡನ್ನೂ ಮೊದಲೇ ಪರೀಕ್ಷಿಸಿರಬೇಕು. ಕಟ್ಟಿದ ಕೈಗೇ ಕತ್ತರಿ ಸಿಗಬೇಕು. ಜುಮ್ಮೆಂದ ತಕ್ಷಣ ನಿಲ್ಲಿಸಬೇಕು. ಇಷ್ಟೆಲ್ಲ ಹೇಳಿ ಅವನೇ ಸೇರಿಸಿದ, ‘ತಲೆ ಸುತ್ತಿ ಬಿದ್ದರೆ ಇದರಲ್ಲಿ ಯಾವುದೂ ಕೆಲಸಕ್ಕೆ ಬರುವುದಿಲ್ಲ’ ಎಂದು. ವಿಷಯ ಗೊತ್ತಿದ್ದು ಹತ್ತಿರದಲ್ಲೇ ಇರುವ ಇನ್ನೊಬ್ಬರಿಗೆ ಬದಲಿ ಇಲ್ಲ.

ನನ್ನ ಸಂಶೋಧನೆ ಯಕ್ಷಗಾನ ಪ್ರಸಂಗಗಳ ಬಗ್ಗೆ. ಹಾಗಾಗಿ ನನಗೆ ಹನುಮಂತ ನೆನಪಾದ. ಸುಂದರಕಾಂಡದಲ್ಲಿ ಇಂದ್ರಜಿತುವಿನ ಬ್ರಹ್ಮಾಸ್ತ್ರಕ್ಕೆ ಅವನು ಸಿಕ್ಕಿಬೀಳುತ್ತಾನೆ. ರಾಕ್ಷಸರು ಮೇಲಿಂದ ನಾರಿನ ಹಗ್ಗ ಬಿಗಿಯುತ್ತಾರೆ. ಬೇರೆ ಕಟ್ಟು ಬಿದ್ದೊಡನೆ ಅಸ್ತ್ರ ತಾನಾಗಿ ಬಿಟ್ಟುಹೋಗುತ್ತದೆ. ಆದರೂ ಹನುಮಂತ ಕಟ್ಟಿಸಿಕೊಂಡವನಂತೆಯೇ ಇರುತ್ತಾನೆ, ಅವನಿಗೆ ರಾವಣನನ್ನು ನೋಡಬೇಕಿದೆ. ನಮ್ಮ ಕಡೆಯ ಸಭಿಕರು ಲಂಕಾದಹನವನ್ನು ಭಯವಿಲ್ಲದೆ ನೋಡುವುದು ಇದರಿಂದಲೇ ಇರಬೇಕು. ಕಟ್ಟಿಸಿಕೊಂಡವನ ಇಷ್ಟ ಅವನ ಕೈಯಲ್ಲೇ ಇದೆ, ಬಿಡುಗಡೆಯೂ ಅವನ ಕೈಯಲ್ಲೇ ಇದೆ. ಜೆಸ್ಸಿಗೆ ಇವೆರಡೂ ಇರಲಿಲ್ಲ. ಗೆಳೆಯನಿಗೆ ಮೊದಲನೆಯದು ಇತ್ತು, ಎರಡನೆಯದು ಇದೆ ಅಂದುಕೊಂಡಿದ್ದ.

ಇಂಥ ಬಯಕೆಯನ್ನು ರೋಗವೆಂದೋ ವಿಕೃತಿಯೆಂದೋ ಕರೆದು ಮುಗಿಸುವುದು ಸುಲಭ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣ ಕೂಡ ವಯಸ್ಕರ ಇಂಥ ಆಸಕ್ತಿಯನ್ನು ತಾನಾಗಿಯೇ ಕಾಯಿಲೆ ಎನ್ನುವುದಿಲ್ಲ. ಆ ಬಯಕೆಯಿಂದಲೇ ತೀವ್ರ ಯಾತನೆ ಅಥವಾ ಗಾಯ, ಸಾವಿನ ದೊಡ್ಡ ಅಪಾಯ ಇದೆಯೇ ಎಂದು ಕೇಳುತ್ತದೆ. ನಾವು ಅಪಾಯದ ಮಾತು ಬಿಟ್ಟು ಮಾನದ ಮಾತು ಹಿಡಿಯುತ್ತೇವೆ. ಕೋಣೆಯೊಳಗಿನವನು ಕೂಗದೇ ಉಳಿಯುವುದು ಅದರಿಂದಾಗಿ.

ಮರುದಿನ ತೋಟಕ್ಕೆ ಹೋದೆ. ಕೊನೆಗೌಡ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ಮರ ಏರಿದ್ದ. ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟಿ, ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಡುತ್ತಿದ್ದ. ಕೆಳಗೊಬ್ಬ ಹಗ್ಗದ ತುದಿ ಹಿಡಿದು, ಕುತ್ತಿಗೆ ಎತ್ತಿ ಮೇಲೆಯೇ ನೋಡುತ್ತಿದ್ದ. ನಮ್ಮ ತೋಟದಲ್ಲಿ ಕೆಳಗೆ ಜನ ಇಲ್ಲದೆ ಯಾರೂ ಮರ ಹತ್ತುವುದನ್ನು ನಾನು ನೋಡಿಲ್ಲ. ಹತ್ತುವವನ ಧೈರ್ಯದ ಮೇಲೆ ಅನುಮಾನವಿದ್ದು ಮಾಡಿದ ಕ್ರಮವಲ್ಲ ಅದು. ಅದರಲ್ಲಿ ನಾಚಿಕೆಯೂ ಇಲ್ಲ.

ಗೆಳೆಯನಿಗೆ ಫೋನು ಮಾಡಿದೆ. ‘ಇನ್ನು ಮುಂದೆ ಅಂಥ ಹೊತ್ತಲ್ಲಿ ಮೊದಲೇ ಒಂದು ಮೆಸೇಜು ಹಾಕು. ಇಷ್ಟು ಹೊತ್ತಿಗೆ ತಿರುಗಿ ಫೋನು ಬರದಿದ್ದರೆ ಯಾರನ್ನು ಕಳಿಸಬೇಕು ಅಂತಲೂ ಬರಿ. ನಾನು ಏನೂ ಕೇಳುವುದಿಲ್ಲ’ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕಾದಂಬರಿ ಹೇಗಿತ್ತು ಎಂದು ಕೇಳಿದ.